ಉತಾರವೂ ಬದಲಾವಣೆಯ ವಹಿಯೂ: ಪಾನುಂಗಲ್ಲು 500ರ ಸೀಮೆಯಿಂದ ಐಪಿ ವಿಳಾಸಗಳ ವಿಚಾರ

1

ಕರ್ನಾಟಕದ ಶಾಸನಗಳನ್ನು ಪರಿಶೀಲಿಸಿದವರಿಗೆ ಒಂದು ಸಂಗತಿ ಸುಪರಿಚಿತವಾಗಿದೆ. ದತ್ತಿಯಾಗಿ ಬಿಟ್ಟ ಊರನ್ನು ಶಾಸನಕಾರನು ಬರಿಯ ಹೆಸರಿನಿಂದ ಸೂಚಿಸಿ ಸುಮ್ಮನಾಗುವುದಿಲ್ಲ. ಮೊದಲು ದೊಡ್ಡ ನಾಡು, ಅದರೊಳಗಿನ ಕಂಪಣ, ಅದರೊಳಗಿನ ಊರು, ಕೊನೆಗೆ ಆ ಊರು ನೆರೆಯ ಊರಿಗೆ ಯಾವ ದಿಕ್ಕಿನಲ್ಲಿದೆ ಎಂಬ ವಿವರ, ಹೀಗೆ ಹೊರಗಿನಿಂದ ಒಳಕ್ಕೆ ಕ್ರಮವಾಗಿ ಬರುತ್ತಾನೆ. ಇದಕ್ಕೆ ಉತ್ತಮ ನಿದರ್ಶನವೆಂದರೆ ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ತಿಳಿಸುವ ಪ್ರಸಿದ್ಧ ಶಾಸನ. ವೀರಸೋಮನಾಥ ದೇವಾಲಯಕ್ಕೆ ಬಂದ ದತ್ತಿಗಳನ್ನು ಹೇಳುವಾಗ ಅದು, ಕಳಚುರಿ ಬಿಜ್ಜಳನು ಬಿಟ್ಟ ಗೋಗಾವೆಯನ್ನು ಬನವಾಸಿ 12000ದ ಸತ್ತಳಿಗೆ 70ರಲ್ಲಿರುವ ಊರೆಂದೂ, ಹಾನಗಲ್ಲಿನ ಕದಂಬ ಕಾಮದೇವನು ಬಿಟ್ಟ ಮಲ್ಲವಳ್ಳಿಯನ್ನು ಪಾನುಂಗಲ್ಲು 500ರಲ್ಲಿ ಮುಂಡಗೋಡಿನ ಬಳಿಯ ಊರೆಂದೂ ಗುರುತಿಸುತ್ತದೆ. ಒಂದೇ ಹೆಸರಿನ ಹಳ್ಳಿಗಳು ಹತ್ತಾರಿರುವ ನಾಡಿನಲ್ಲಿ ಇಂಥ ಸರಪಣಿಯಿಲ್ಲದೆ ದತ್ತಿಯು ನಿಲ್ಲುವಂತಿರಲಿಲ್ಲ.

ಈ ಸೀಮೆಯ ಇಂದಿನ ತಾಲೂಕು ಕಚೇರಿಗಳಲ್ಲಿ ಇನ್ನೊಂದು ಬಗೆಯ ಸ್ಥಳಸಂಖ್ಯೆ ಬಳಕೆಗೆ ಬಂದಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಚೇರಿಗಳಲ್ಲಿ ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಒಂದು ಐಪಿ ವಿಳಾಸವುಂಟು. ಆ ಸಂಖ್ಯೆಯೂ ಹೊರಗಿನಿಂದ ಒಳಕ್ಕೆ ಹೋಗುವ ಸರಪಣಿಯೇ. ಅದನ್ನು ಕೊಡುವ, ಹಿಂತೆಗೆಯುವ, ನೋಡುವ ಕೆಲಸವನ್ನು ಜಾಲದ ನಿರ್ವಾಹಕನು ಕೀಲಿಮಣೆಯಲ್ಲಿ ಒಂದು ಸಾಲಿನ ಆಜ್ಞೆಯನ್ನು ಬರೆದು ನೆರವೇರಿಸುತ್ತಾನೆ. ಇದು ಯಂತ್ರಶಾಸ್ತ್ರದವರ ವಿಷಯವೆಂದು ಇತಿಹಾಸದ ವಿದ್ಯಾರ್ಥಿಗಳು ದೂರ ನಿಲ್ಲುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ. ಸ್ಥಳವನ್ನು ಸಂಖ್ಯೆಯಿಂದ ಗುರುತಿಸಿ, ಆ ಸಂಖ್ಯೆಯನ್ನು ವಹಿಯಲ್ಲಿ ಕಾಯ್ದಿಡುವ ಪದ್ಧತಿಯ ಇತಿಹಾಸವು ನಮ್ಮದೇ ಅಭ್ಯಾಸದ ಕ್ಷೇತ್ರ. ಈ ಹೊಸ ಸಂಖ್ಯೆಯ ರಚನೆಯೇನು, ಅದರ ವಹಿಯನ್ನು ಇಡುವವರು ಯಾರು, ಆ ವಹಿಯಲ್ಲಿ ಉಳಿಯುವುದೇನು, ಅಳಿಯುವುದೇನು ಎಂಬ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

2

ಸಂಖ್ಯಾಂತ್ಯವಾದ ನಾಡಿನ ಹೆಸರುಗಳು ಕರ್ನಾಟಕದ ಶಾಸನಗಳಲ್ಲಿ ಹೇರಳವಾಗಿವೆ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಪಾನುಂಗಲ್ಲು 500, ಬೆಳ್ವೊಲ 300, ಪುಲಿಗೆರೆ 300 ಇವು ಎಲ್ಲರಿಗೂ ತಿಳಿದವು. ಇವುಗಳ ಒಳಗೆ ಚಿಕ್ಕ ಘಟಕಗಳಿದ್ದವು. ಹಾವೇರಿಯನ್ನೊಳಗೊಂಡ ಬಾಸವೂರ 140, ಬಂದಳಿಕೆಯನ್ನು ಕೇಂದ್ರವಾಗಿ ಉಳ್ಳ ನಾಗರಖಂಡ 70 ಅಂಥವು. ಕ್ರಿ.ಶ. ಹತ್ತನೆಯ ಶತಮಾನದ ಆದಿಯಲ್ಲಿ ನಾಗರಖಂಡ 70ನ್ನು ಜಕ್ಕಿಯಬ್ಬೆಯು ಆಳಿದ ಸಂಗತಿಯು ಬಂದಳಿಕೆಯ ಶಾಸನದಿಂದ ವಿದಿತವಾಗುತ್ತದೆ.

ಈ ಸಂಖ್ಯೆಗಳ ಅರ್ಥದ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಗ್ರಾಮಗಳ ಎಣಿಕೆಯೆಂಬುದು ಒಂದು ಪಕ್ಷ. ಕಂದಾಯದ ಮೊತ್ತವೆಂಬುದು ಇನ್ನೊಂದು. ನಾಡು ಒದಗಿಸಬೇಕಾದ ಯೋಧರ ಸಂಖ್ಯೆಯೆಂಬುದು ಮತ್ತೊಂದು. 70, 140ರಂಥ ಚಿಕ್ಕ ಸಂಖ್ಯೆಗಳಿಗೆ ಗ್ರಾಮಗಳ ಎಣಿಕೆಯೆಂಬ ಅರ್ಥ ಸುಲಭವಾಗಿ ಹೊಂದುತ್ತದೆ. 96000ದಂಥ ಸಂಖ್ಯೆಗೆ ಅದು ಹೊಂದುವುದು ಕಷ್ಟ. ಈ ವಾದದ ನಿರ್ಣಯ ಇಲ್ಲಿ ಅಗತ್ಯವಿಲ್ಲ. ನಮಗೆ ಬೇಕಾದುದು ಇಷ್ಟೆ: ಮೊದಲು ಏನನ್ನೋ ಎಣಿಸಿ ಇಟ್ಟ ಸಂಖ್ಯೆಯು ಕಾಲಕ್ರಮದಲ್ಲಿ ಹೆಸರಿನ ಭಾಗವಾಗಿ ನಿಂತುಹೋಯಿತು. ಎಣಿಕೆಯ ಮೂಲ ವಹಿ ನಮಗೆ ದೊರೆಯದೆ ಇರುವುದರಿಂದಲೇ ಅದರ ಅರ್ಥ ಇಂದು ವಿವಾದಕ್ಕೆ ವಿಷಯವಾಗಿದೆ. ಸಂಖ್ಯೆ ಉಳಿದು ವಹಿ ಅಳಿದರೆ ಇತಿಹಾಸಕಾರನಿಗೆ ಆಗುವ ತೊಡಕು ಎಂಥದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಮುಂದಿನ ಕಾಲದಲ್ಲಿ ಘಟಕಗಳ ಹೆಸರೂ ಎಲ್ಲೆಯೂ ಮತ್ತೆ ಮತ್ತೆ ಬದಲಾದವು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಸವಣೂರಿನ ನವಾಬರ ಮೂಲಪುರುಷನಾದ ಅಬ್ದುಲ್ ರವೂಫ್ ಖಾನನಿಗೆ ಔರಂಗಜೇಬನಿಂದ ಬಂದ ಜಹಗೀರನ್ನು ಬಂಕಾಪುರ, ತೊರಗಲ್ಲು, ಆಜಮ್‌ನಗರಗಳಿಗೆ ಸೇರಿದ 22 ಮಹಾಲುಗಳೆಂದು ಎಣಿಸಲಾಯಿತು. ಆಂಗ್ಲರ ಆಳಿಕೆಯಲ್ಲಿ ಇಂದಿನ ಶಿಗ್ಗಾಂವಿ ತಾಲೂಕಿಗೆ ಬಂಕಾಪುರ ತಾಲೂಕೆಂದೂ, ಹಿರೇಕೆರೂರಿಗೆ ಕೋಡ ತಾಲೂಕೆಂದೂ ಹೆಸರಿದ್ದಿತು. ಕಚೇರಿಗಳು ಮಾತ್ರ ಶಿಗ್ಗಾಂವಿಯಲ್ಲಿಯೂ ಹಿರೇಕೆರೂರಿನಲ್ಲಿಯೂ ಇದ್ದವು. ಸವಣೂರು ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಜಿಸಿದಾಗ ಈ ನಾಲ್ಕು ತಾಲೂಕುಗಳು ಹೊಸ ಹಾವೇರಿ ಜಿಲ್ಲೆಗೆ ಸೇರಿದವು. ತರುವಾಯ ಹಿರೇಕೆರೂರಿನಿಂದ ರಟ್ಟೀಹಳ್ಳಿಯು ಪ್ರತ್ಯೇಕ ತಾಲೂಕಾಯಿತು. ನೆಲ ಒಂದೇ; ಅದನ್ನು ಕರೆಯುವ ಕ್ರಮ ಮಾತ್ರ ಬೇರೆ ಬೇರೆ.

3

ಐಪಿ ವಿಳಾಸದ ಕಡೆಗೆ ಹೋಗುವ ಮುನ್ನ ನಡುವಿನ ಒಂದು ಘಟ್ಟವನ್ನು ಗಮನಿಸಬೇಕು. ಅದು ಸರ್ವೆ ನಂಬರು. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳ ಹೆಸರಿನೊಡನೆ ಸೇರಿಕೊಂಡಿರುವ ಮುಂಬಯಿ ಸರ್ವೆ ಪದ್ಧತಿಯು 1847ರ ಸಂಯುಕ್ತ ವರದಿಯಲ್ಲಿ ಸ್ಥಿರರೂಪವನ್ನು ಪಡೆಯಿತು. ಧಾರವಾಡ ಜಿಲ್ಲೆಯ ಹೊಲಗಳಿಗೆ ಅದರಂತೆ ಸಂಖ್ಯೆಗಳು ಬಂದವು. ಹೊಲವು ಅಣ್ಣತಮ್ಮಂದಿರಲ್ಲಿ ಪಾಲಾದಾಗ ಹಳೆಯ ಸಂಖ್ಯೆಯನ್ನು ಬಿಡದೆ, ಅದರ ಮುಂದೆ ಓರೆಗೀಟು ಎಳೆದು ಹಿಸ್ಸೆಯ ಸಂಖ್ಯೆಯನ್ನು ಬರೆಯುವುದು ರೂಢಿಯಾಯಿತು. 45/2 ಎಂಬುದನ್ನು ನೋಡಿದ ಕೂಡಲೆ ಅದು 45ರ ಒಂದು ತುಂಡೆಂದು ಯಾವ ರೈತನಿಗಾದರೂ ತಿಳಿಯುತ್ತದೆ.

1903ರಲ್ಲಿ ಮುಂಬಯಿ ಸರಕಾರವು ಹಕ್ಕುಗಳ ದಾಖಲೆಯ ಕಾಯಿದೆಯನ್ನು ತಂದಿತು. ಅಂದಿನಿಂದ ಗ್ರಾಮದ ಲೆಕ್ಕಿಗನ ಬಳಿ ಎರಡು ಬಗೆಯ ಬರೆಹಗಳು ಜೊತೆಜೊತೆಯಾಗಿ ನಡೆದುಬಂದವು. ಇಂದು ಈ ಹೊಲ ಯಾರ ಹೆಸರಿನಲ್ಲಿದೆ, ಅದರ ಕ್ಷೇತ್ರವೆಷ್ಟು, ಬೆಳೆಯೇನು ಎಂಬುದನ್ನು ಹೇಳುವುದು ಮೊದಲನೆಯದು. ಅದರ ನಕಲನ್ನೇ ನಮ್ಮ ಕಡೆಯ ಜನ ಉತಾರವೆಂದು ಕರೆಯುತ್ತಾರೆ. ಎರಡನೆಯದು ಹಕ್ಕುಬದಲಾವಣೆಯ ವಹಿ. ಖರೀದಿ, ವಾರಸಾ, ವಾಟ್ನಿ ಮುಂತಾದ ಪ್ರತಿಯೊಂದು ಕಾರಣಕ್ಕೂ ಅದರಲ್ಲಿ ಕ್ರಮಸಂಖ್ಯೆಯುಳ್ಳ ಒಂದು ನಮೂದಾಗಬೇಕು, ಸಂಬಂಧಪಟ್ಟವರಿಗೆ ತಿಳಿವಳಿಕೆ ಹೋಗಬೇಕು, ತಕರಾರು ಹೇಳಲು ಅವಕಾಶವಿರಬೇಕು, ಮೇಲಧಿಕಾರಿಯು ಪ್ರಮಾಣೀಕರಿಸಬೇಕು. ಆಮೇಲೆಯೇ ಉತಾರದಲ್ಲಿ ಹೆಸರು ಬದಲಾಗುತ್ತದೆ. ಉತಾರವು ಇಂದಿನ ಸ್ಥಿತಿಯನ್ನು ಹೇಳುತ್ತದೆ. ಬದಲಾವಣೆಯ ವಹಿಯು ಆ ಸ್ಥಿತಿ ಹೇಗೆ ಬಂದಿತೆಂಬುದನ್ನು ಹೇಳುತ್ತದೆ. ಮೊದಲನೆಯದರಿಂದ ಆಡಳಿತ ನಡೆಯುತ್ತದೆ. ಎರಡನೆಯದಿಲ್ಲದೆ ನ್ಯಾಯವೂ ಇಲ್ಲ, ಇತಿಹಾಸವೂ ಇಲ್ಲ. ಕುಲಕರ್ಣಿ ವತನಗಳು 1950ರ ಕಾಯಿದೆಯಿಂದ ರದ್ದಾಗಿ ವಹಿಯು ಸರಕಾರಿ ನೌಕರನ ಕೈಗೆ ಬಂದರೂ ಈ ಎರಡರ ಭೇದ ಅಳಿಯಲಿಲ್ಲ. ಕರ್ನಾಟಕ ಸರಕಾರದ ಭೂಮಿ ಯೋಜನೆಯ ಮೂಲಕ 2002ರ ವೇಳೆಗೆ ಅಂದಿನ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದಾಗಲೂ ಅದು ಉಳಿಯಿತು. ಐಪಿ ವಿಳಾಸಗಳ ವಿಚಾರದಲ್ಲಿ ನಾವು ಬಳಸಬೇಕಾದ ಅಳತೆಗೋಲು ಈ ಭೇದವೇ ಆಗಿದೆ.

4

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ಐಪಿ ವಿಳಾಸವು 1981ರ ಸೆಪ್ಟೆಂಬರದಲ್ಲಿ ಪ್ರಕಟವಾದ ನಿಯಮಪತ್ರದಿಂದ ನಿರ್ದಿಷ್ಟವಾದುದು. ಸೊನ್ನೆ ಒಂದುಗಳ 32 ಸ್ಥಾನಗಳಿಂದ ಅದು ಕೂಡಿದೆ. ಓದಲು ಅನುಕೂಲವಾಗಲೆಂದು ಅದನ್ನು ಎಂಟೆಂಟು ಸ್ಥಾನಗಳ ನಾಲ್ಕು ಭಾಗ ಮಾಡಿ, ಒಂದೊಂದನ್ನೂ 0ಯಿಂದ 255ರವರೆಗಿನ ಸಂಖ್ಯೆಯಾಗಿ ಬರೆದು, ನಡುವೆ ಚುಕ್ಕೆ ಇಡುತ್ತಾರೆ. ಹೀಗೆ ಆಗಬಹುದಾದ ಒಟ್ಟು ವಿಳಾಸಗಳು 4,294,967,296. ವಿಳಾಸದ ಮುಂದೆ ಓರೆಗೀಟು ಎಳೆದು ಬರೆಯುವ ಅಂಕಿಯು, ಎಡಗಡೆಯಿಂದ ಎಷ್ಟು ಸ್ಥಾನಗಳು ಜಾಲವನ್ನು ಸೂಚಿಸುತ್ತವೆ ಎಂಬುದನ್ನು ಹೇಳುತ್ತದೆ. ಉಳಿದ ಸ್ಥಾನಗಳು ಆ ಜಾಲದೊಳಗಿನ ಯಂತ್ರಗಳಿಗೆ ಮೀಸಲು. /24 ಎಂದರೆ 256 ವಿಳಾಸಗಳ ಒಂದು ತುಂಡು. ಅದರಲ್ಲಿ ಮೊದಲನೆಯದು ಜಾಲದ ಹೆಸರಿಗೂ ಕೊನೆಯದು ಸಾರ್ವತ್ರಿಕ ಕರೆಗೂ ಹೋಗಿ 254 ಬಳಕೆಗೆ ಉಳಿಯುತ್ತವೆ. /20 ಎಂದರೆ 4,096. /16 ಎಂದರೆ 65,536. ಓರೆಗೀಟಿನ ಅಂಕಿ ಒಂದು ಹೆಚ್ಚಿದರೆ ತುಂಡು ಅರ್ಧವಾಗುತ್ತದೆ.

ವಿದ್ಯಾರ್ಥಿಗಳಿಗೆ ತಿಳಿಯುವಂತೆ ಒಂದು ಕಲ್ಪಿತ ಹಂಚಿಕೆಯನ್ನು ನೋಡಬಹುದು. ಇವು ಯಾವ ಕಚೇರಿಯ ನಿಜವಾದ ವಿಳಾಸಗಳೂ ಅಲ್ಲ. ಲೆಕ್ಕ ಮಾತ್ರ ನಿಜವಾದುದು. ಒಂದು ಜಿಲ್ಲೆಗೆ 10.64.0.0/16 ಎಂಬ ತುಂಡು ದೊರೆತಿದೆಯೆಂದು ಭಾವಿಸೋಣ. ಅದನ್ನು /20ರ ತುಂಡುಗಳಾಗಿ ಒಡೆದರೆ 16 ಭಾಗಗಳಾಗುತ್ತವೆ. ಹಾನಗಲ್ಲಿಗೆ 10.64.0.0/20, ಶಿಗ್ಗಾಂವಿಗೆ 10.64.16.0/20, ಸವಣೂರಿಗೆ 10.64.32.0/20, ಹಿರೇಕೆರೂರಿಗೆ 10.64.48.0/20 ಎಂದು ಕೊಟ್ಟರೆ ನಾಲ್ಕು ತಾಲೂಕುಗಳು ಮುಗಿದು 12 ಭಾಗಗಳು ಉಳಿಯುತ್ತವೆ. ಇನ್ನು 10.64.37.9 ಎಂಬ ವಿಳಾಸವನ್ನು ಕಂಡರೆ, ಮೂರನೆಯ ಅಂಕಿಯು 32 ಮತ್ತು 47ರ ನಡುವೆ ಇರುವುದರಿಂದ ಅದು ಸವಣೂರಿನದೆಂದು ತಿಳಿಯುತ್ತದೆ. ಜಿಲ್ಲೆಯ ಹೊರಗಿನ ಯಂತ್ರಕ್ಕೆ ಇಷ್ಟು ವಿವರವೂ ಬೇಕಿಲ್ಲ, 10.64 ಎಂದರೆ ಆ ಜಿಲ್ಲೆಯ ಕಡೆಗೆ ಕಳುಹಿಸಬೇಕೆಂಬುದನ್ನು ತಿಳಿದರೆ ಸಾಕು. ಬನವಾಸಿ 12000ವೆಂಬುದನ್ನು ತಿಳಿದ ಪರನಾಡಿನವನು ಸತ್ತಳಿಗೆ 70ನ್ನು ಆ ನಾಡಿಗೆ ಹೋಗಿ ವಿಚಾರಿಸಿದಂತೆಯೇ ಇದು.

ಈಗ ಹಿರೇಕೆರೂರಿನಿಂದ ರಟ್ಟೀಹಳ್ಳಿಯು ಬೇರೆಯಾಯಿತೆಂದು ಇಟ್ಟುಕೊಳ್ಳೋಣ. ನಿರ್ವಾಹಕನಿಗೆ ಎರಡು ದಾರಿಗಳಿವೆ. ಹಿರೇಕೆರೂರಿನ ತುಂಡನ್ನು ಇಬ್ಭಾಗ ಮಾಡಿ 10.64.48.0/21ನ್ನು ಹಳೆಯ ತಾಲೂಕಿಗೂ 10.64.56.0/21ನ್ನು ಹೊಸದಕ್ಕೂ ಕೊಡಬಹುದು. ಆಗ ಒಂದೊಂದಕ್ಕೆ 2,048 ವಿಳಾಸಗಳು ಬರುತ್ತವೆ. ಇಲ್ಲವೆ ಉಳಿದ 12 ಭಾಗಗಳಲ್ಲಿ ಮೊದಲನೆಯದಾದ 10.64.64.0/20ನ್ನು ರಟ್ಟೀಹಳ್ಳಿಗೆ ಕೊಟ್ಟು, ಅಲ್ಲಿಯ ಯಂತ್ರಗಳಿಗೆಲ್ಲ ಹೊಸ ಸಂಖ್ಯೆ ಹಾಕಬಹುದು. ಮೊದಲನೆಯದರಲ್ಲಿ ಅದೃಷ್ಟವಶಾತ್ ರಟ್ಟೀಹಳ್ಳಿಯ ಯಂತ್ರಗಳು ಆ ಉತ್ತರಾರ್ಧದಲ್ಲಿಯೇ ಇದ್ದರೆ ಶ್ರಮ ಕಡಿಮೆ; ಎರಡನೆಯದರಲ್ಲಿ ಶ್ರಮ ಹೆಚ್ಚಾದರೂ ಬೆಳೆಯಲು ಅವಕಾಶ ಹೆಚ್ಚು. ಯಾವುದನ್ನು ಆರಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಐದು ವರ್ಷಗಳ ಅನಂತರ 10.64.57.20 ಎಂಬ ವಿಳಾಸವು ಹಳೆಯ ಕಾಗದವೊಂದರಲ್ಲಿ ಕಂಡರೆ, ಆ ದಿನ ಅದು ಹಿರೇಕೆರೂರಿನದೇ, ರಟ್ಟೀಹಳ್ಳಿಯದೇ? ಉತಾರದಿಂದ ಇದಕ್ಕೆ ಉತ್ತರ ಬಾರದು. ಬದಲಾವಣೆಯ ವಹಿಯೇ ಬೇಕು.

5

ಈ ಸಂಖ್ಯೆಗಳ ಜಾಗತಿಕ ವಹಿಯ ಇತಿಹಾಸವೂ ಬೋಧಪ್ರದವಾಗಿದೆ. 1969ರಲ್ಲಿ ಅಮೆರಿಕದಲ್ಲಿ ಆರ್ಪಾನೆಟ್ ಜಾಲವು ಆರಂಭವಾದ ಮೇಲೆ ಅದರ ಸಂಖ್ಯೆಗಳ ಪಟ್ಟಿಯನ್ನು ಬಹುಕಾಲ ಕಾಯ್ದವನು ಜಾನ್ ಪೋಸ್ಟೆಲ್ ಎಂಬ ವಿದ್ವಾಂಸ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದರಲ್ಲಿ ಇದ್ದುಕೊಂಡು, 1998ರಲ್ಲಿ ತೀರಿಕೊಳ್ಳುವವರೆಗೂ ಅವನು ಈ ಕಾರ್ಯದಲ್ಲಿ ತೊಡಗಿದ್ದನು. ಒಂದು ಹಳ್ಳಿಗೆ ಒಬ್ಬ ಸೇನಬೋವನಿದ್ದಂತೆ ಆ ಕಾಲದ ಜಾಲಕ್ಕೆ ಅವನಿದ್ದನೆಂದರೆ ಅತಿಶಯೋಕ್ತಿಯಾಗದು.

1981ರ ಕ್ರಮದಲ್ಲಿ ವಿಳಾಸಗಳನ್ನು ಮೂರು ನಿಶ್ಚಿತ ವರ್ಗಗಳಲ್ಲಿ ಹಂಚುತ್ತಿದ್ದರು. ಮೊದಲ ವರ್ಗದ ತುಂಡೊಂದರಲ್ಲಿ 16,777,216, ಎರಡನೆಯದರಲ್ಲಿ 65,536, ಮೂರನೆಯದರಲ್ಲಿ 256 ವಿಳಾಸಗಳು. 300 ಯಂತ್ರಗಳುಳ್ಳ ಸಂಸ್ಥೆಗೆ ಮೂರನೆಯ ವರ್ಗ ಸಾಲದು. ಎರಡನೆಯದನ್ನು ಕೊಟ್ಟರೆ 65,000ಕ್ಕೂ ಹೆಚ್ಚು ವಿಳಾಸಗಳು ವ್ಯರ್ಥ. ಈ ಅಪವ್ಯಯವನ್ನು ತಡೆಯಲು 1993ರಲ್ಲಿ ವರ್ಗಗಳನ್ನು ತೊರೆದು, ಮೇಲೆ ವಿವರಿಸಿದ ಓರೆಗೀಟಿನ ಕ್ರಮವನ್ನು ತರಲಾಯಿತು. 10ರಿಂದ ಆರಂಭವಾಗುವ ವಿಳಾಸಗಳನ್ನೂ ಇನ್ನೆರಡು ಗುಂಪುಗಳನ್ನೂ ಸಂಸ್ಥೆಗಳ ಒಳಬಳಕೆಗೆ ಬಿಡಲಾಗಿದ್ದು, ಇದರ ಈಗಿನ ನಿಯಮವು 1996ರದು. ಈ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಅಂಗಳದೊಳಗೆ ಬಳಸಬಹುದು. ಅಂಗಳದ ಹೊರಗೆ ಅವಕ್ಕೆ ಬೆಲೆಯಿಲ್ಲ. ಆದುದರಿಂದ ಅವುಗಳ ವಹಿಯು ಜಗತ್ತಿನ ಯಾವ ನೋಂದಣಿ ಕಚೇರಿಯಲ್ಲಿಯೂ ಇರುವುದಿಲ್ಲ. ಸಂಸ್ಥೆಯು ತಾನೇ ಇಟ್ಟುಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮ ವಾದಕ್ಕೆ ಈ ಅಂಶ ಮುಖ್ಯವಾದುದು.

ಸಾರ್ವಜನಿಕ ವಿಳಾಸಗಳ ಹಂಚಿಕೆಯು ಕ್ರಮೇಣ ಪ್ರಾದೇಶಿಕ ಸಂಸ್ಥೆಗಳಿಗೆ ಬಂದಿತು. ಏಷ್ಯ ಮತ್ತು ಶಾಂತಸಾಗರ ಪ್ರದೇಶಗಳಿಗಾಗಿ 1993ರಲ್ಲಿ ಏಪ್ನಿಕ್ ಹುಟ್ಟಿತು. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯು ವಿದ್ಯಾಸಂಸ್ಥೆಗಳನ್ನು ಜಾಲದೊಳಕ್ಕೆ ತಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಕೇಂದ್ರಗಳಲ್ಲೊಂದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆಯಿತು. 2011ರ ಫೆಬ್ರವರಿ 3ರಂದು ಜಾಗತಿಕ ಕೋಶದಲ್ಲಿದ್ದ ಕೊನೆಯ ದೊಡ್ಡ ತುಂಡುಗಳು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಏಪ್ನಿಕ್ ತನ್ನ ಕೊನೆಯ ತುಂಡಿಗೆ ಬಂದು ಮಿತವಾಗಿ ಕೊಡಲಾರಂಭಿಸಿತು. 2012ರಲ್ಲಿ ಭಾರತದ ರಾಷ್ಟ್ರೀಯ ನೋಂದಣಿ ಸಂಸ್ಥೆಯಾದ ಇರಿನ್ ಕಾರ್ಯಾರಂಭ ಮಾಡಿತು. ವಿಳಾಸಗಳ ಕೊರತೆಗೆ ಪರಿಹಾರವಾಗಿ 128 ಸ್ಥಾನಗಳ ಆರನೆಯ ಆವೃತ್ತಿಯು 1990ರ ದಶಕದಲ್ಲಿಯೇ ಸಿದ್ಧವಾಗಿದ್ದು, ಎರಡೂ ಇಂದು ಜೊತೆಯಾಗಿ ನಡೆಯುತ್ತಿವೆ.

ಕರ್ನಾಟಕದಲ್ಲಿ ರಾಜ್ಯವ್ಯಾಪಿ ಸರಕಾರಿ ಜಾಲವಾದ ಕೆಸ್ವಾನ್ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. 2011ರಲ್ಲಿ ಕೇಂದ್ರ ಸರಕಾರವು ಮಂಜೂರು ಮಾಡಿದ, ಈಗ ಭಾರತನೆಟ್ ಎನಿಸಿಕೊಳ್ಳುವ ಯೋಜನೆಯು ಗ್ರಾಮಪಂಚಾಯತಿಗಳವರೆಗೆ ಬೆಳಕಿನ ತಂತಿಯನ್ನು ಒಯ್ಯುವ ಉದ್ದೇಶವುಳ್ಳದ್ದು. ನಾಡು, ಕಂಪಣ, ಊರು ಎಂಬ ಹಳೆಯ ಮೆಟ್ಟಿಲುಗಳ ನೆನಪು ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ತಾನಾಗಿ ಬರುತ್ತದೆ. ಆದರೆ ಭೇದವನ್ನೂ ಮರೆಯಬಾರದು. ಪಾನುಂಗಲ್ಲು 500ರ ಸಂಖ್ಯೆ ರೂಢಿಯಿಂದ ನಿಂತುದು. /20ರ 4,096 ಗಣಿತದಿಂದ ನಿಂತುದು. ಮೊದಲನೆಯದರ ಅರ್ಥವನ್ನು ಕುರಿತು ವಾದ ಮಾಡಬಹುದು. ಎರಡನೆಯದರ ಮೊತ್ತವನ್ನು ಕುರಿತು ವಾದವಿಲ್ಲ. ವಾದ ಬರುವುದು ಆ ತುಂಡು ಯಾವ ದಿನ ಯಾರ ಕೈಯಲ್ಲಿತ್ತು ಎಂಬಲ್ಲಿ.

6

ಈಗ ಆಜ್ಞೆಯ ಸಾಲನ್ನು ನೋಡೋಣ. ಯಂತ್ರಕ್ಕೆ ವಿಳಾಸವನ್ನು ಕೊಡುವ ಹಳೆಯ ಸಾಧನ ಇಫ್‌ಕಾನ್ಫಿಗ್. 1983ರಲ್ಲಿ ಬರ್ಕಲಿಯ ವಿಶ್ವವಿದ್ಯಾಲಯದಿಂದ ಹೊರಬಂದ ಯೂನಿಕ್ಸ್ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡಿತು. ಲಿನಕ್ಸ್ ವ್ಯವಸ್ಥೆಯಲ್ಲಿ ಅದರ ಸ್ಥಾನವನ್ನು ಮುಂದೆ ಐಪಿ ಎಂಬ ಎರಡಕ್ಷರದ ಸಾಧನವು ಪಡೆಯಿತು. ಅಲೆಕ್ಸಿ ಕುಜ್ನೆತ್ಸೊವ್ ಎಂಬ ರಷ್ಯದ ತಜ್ಞನು ಇದನ್ನು ಮೊದಲು ರಚಿಸಿದನು. ಇದರ ಬಳಕೆ ಸರಳವಾದುದು. ಐಪಿ ಅಡ್ರೆಸ್ ಶೋ ಎಂದು ಬರೆದರೆ ಆ ಯಂತ್ರಕ್ಕೆ ಈಗ ಇರುವ ವಿಳಾಸಗಳ ಪಟ್ಟಿ ಬರುತ್ತದೆ. ಐಪಿ ಅಡ್ರೆಸ್ ಆ್ಯಡ್ ಎಂದು ಬರೆದು, ವಿಳಾಸವನ್ನೂ ಓರೆಗೀಟಿನ ಅಂಕಿಯನ್ನೂ ಜಾಲಕ್ಕೆ ತಗುಲಿದ ದ್ವಾರದ ಹೆಸರನ್ನೂ ಸೂಚಿಸಿದರೆ ಹೊಸ ವಿಳಾಸ ಸೇರುತ್ತದೆ. ಆ್ಯಡ್ ಎಂಬುದರ ಬದಲು ಡೆಲ್ ಎಂದರೆ ಇದ್ದುದು ಹೋಗುತ್ತದೆ. ಆಜ್ಞೆಯನ್ನು ಬರೆದು ಕೀಲಿಯನ್ನು ಒತ್ತಿದ ಕ್ಷಣದಲ್ಲಿಯೇ ಅದು ಜಾರಿಗೆ ಬರುತ್ತದೆ.

ಈ ಸಾಧನದ ಮೂರು ಲಕ್ಷಣಗಳು ಗಮನಾರ್ಹ. ಮೊದಲನೆಯದಾಗಿ, ಹೀಗೆ ಕೊಟ್ಟ ವಿಳಾಸವು ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸುವವರೆಗೆ ಮಾತ್ರ ಇರುತ್ತದೆ. ಸ್ಥಿರವಾಗಬೇಕಾದರೆ ಸಂಬಂಧಪಟ್ಟ ಕಡತದಲ್ಲಿ ಬೇರೆಯಾಗಿ ಬರೆದಿಡಬೇಕು. ಎರಡನೆಯದಾಗಿ, ಆಜ್ಞೆಯು ತಾನು ನಿಂತ ಯಂತ್ರದ ವಿಷಯವನ್ನಷ್ಟೇ ಬಲ್ಲದು. ಅದೇ ಸಂಖ್ಯೆ ಪಕ್ಕದ ಕೋಣೆಯ ಯಂತ್ರಕ್ಕೂ ಇದ್ದರೆ ಅದನ್ನು ಸೇರಿಸುವಾಗ ಈ ಆಜ್ಞೆ ತಡೆಯುವುದಿಲ್ಲ. ಎರಡು ಯಂತ್ರಗಳೂ ಒಂದೇ ವಿಳಾಸಕ್ಕೆ ಹಕ್ಕು ಹೇಳಿ ಕೆಲಸ ಕೆಡುತ್ತದೆ. ಇಂಥ ಘರ್ಷಣೆಯನ್ನು ಮೊದಲೇ ವಿಚಾರಿಸಿ ತಿಳಿಯುವ ಕ್ರಮವನ್ನು 2008ರ ನಿಯಮಪತ್ರವೊಂದು ವಿಧಿಸಿದೆಯಾದರೂ, ವಿಳಾಸಗಳ ಒಟ್ಟು ಪಟ್ಟಿ ಇದ್ದಲ್ಲಿ ಆ ಪ್ರಸಂಗವೇ ವಿರಳ. ಮೂರನೆಯದಾಗಿ, ಶೋ ಎಂಬ ಆಜ್ಞೆಯ ಉತ್ತರವು ಈ ಕ್ಷಣದ್ದು ಮಾತ್ರ. ನಿನ್ನೆ ಏನಿತ್ತು, ಯಾರು ಬದಲಿಸಿದರು, ಏತಕ್ಕೆ ಬದಲಿಸಿದರು ಎಂಬುದಕ್ಕೆ ಅದರಲ್ಲಿ ಸ್ಥಳವಿಲ್ಲ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಈ ಸಾಧನವು ಉತಾರವನ್ನು ಕೊಡುತ್ತದೆ. ಬದಲಾವಣೆಯ ವಹಿಯನ್ನು ಇಡುವುದಿಲ್ಲ.

ಸಾಧನವನ್ನು ದೂಷಿಸುವುದು ನ್ಯಾಯವಲ್ಲ. ಉಳಿಯಿಂದ ಅಕ್ಷರವನ್ನು ಕೆತ್ತಬಹುದು. ಏನನ್ನು ಕೆತ್ತಬೇಕೆಂಬುದು ಉಳಿಯ ಕರ್ತವ್ಯವಲ್ಲ. ಅಲ್ಲದೆ ಅದೇ ಸಾಧನದಲ್ಲಿ ಮಾನಿಟರ್ ಎಂಬ ಇನ್ನೊಂದು ಆಜ್ಞೆಯುಂಟು. ಅದನ್ನು ನಡೆಯಲು ಬಿಟ್ಟರೆ ವಿಳಾಸವು ಸೇರಿದಾಗಲೂ ಹೋದಾಗಲೂ ಒಂದೊಂದು ಸಾಲನ್ನು ಹೊರಡಿಸುತ್ತದೆ. ಕೇಳಿಕೊಂಡರೆ ವೇಳೆಯನ್ನೂ ಜೊತೆಗೆ ಬರೆಯುತ್ತದೆ. ಆ ಸಾಲುಗಳನ್ನು ಕಡತದಲ್ಲಿ ಕೂಡಿಸುತ್ತಾ ಹೋದರೆ ವಹಿಯ ಅರ್ಧಭಾಗ ಸಿದ್ಧವಾದಂತೆ. ಉಳಿದರ್ಧ, ಎಂದರೆ ಬದಲಿಸಿದವನ ಹೆಸರು ಮತ್ತು ಕಾರಣ, ಮನುಷ್ಯನು ಬರೆಯಬೇಕಾದುದು. ವಿಳಾಸಗಳ ಪಟ್ಟಿಯನ್ನು ಸಾದಾ ಬರೆಹದ ಕಡತವಾಗಿ ಇಟ್ಟು, ಗಿಟ್ ಎಂಬ ಸಾಧನದ ವಶದಲ್ಲಿರಿಸಿದರೆ ಇದೂ ಸುಲಭವಾಗುತ್ತದೆ. 2005ರಲ್ಲಿ ರಚಿತವಾದ ಈ ಸಾಧನವು ಕಡತದ ಪ್ರತಿಯೊಂದು ತಿದ್ದುಪಡಿಯನ್ನೂ ತಿದ್ದಿದವನ ಹೆಸರು, ದಿನಾಂಕ, ಕಾರಣದ ಟಿಪ್ಪಣಿಗಳೊಡನೆ ಕಾಯ್ದಿಡುತ್ತದೆ. ಹಿಂದಿನ ಯಾವ ದಿನದ ಪ್ರತಿಯನ್ನಾದರೂ ಮತ್ತೆ ತೆಗೆದು ತೋರಿಸುತ್ತದೆ. ಹಕ್ಕುಬದಲಾವಣೆಯ ವಹಿಯಿಂದ ನಾವು ಅಪೇಕ್ಷಿಸುವ ಗುಣಗಳು ಬಹುಮಟ್ಟಿಗೆ ಇವೇ ಅಲ್ಲವೆ?

7

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಸಂಖ್ಯೆಯ ಮೇಲಿನ ಹಕ್ಕು ಸುಳ್ಳಾಗಿ ಸಾರಲ್ಪಟ್ಟರೆ ಆಗುವ ಹಾನಿಗೆ 2008ರ ಫೆಬ್ರವರಿ 24ರ ಘಟನೆ ಸಾಕ್ಷಿಯಾಗಿದೆ. ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯು ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಹೊರಟು, ಆ ಸಂಸ್ಥೆಯ /22 ತುಂಡಿನೊಳಗಿನ ಒಂದು /24ನ್ನು ತನ್ನದೆಂದು ಸಾರಿತು. ಆ ಸಾರಿಕೆ ಹೊರಗಿನ ಜಾಲಗಳಿಗೂ ಹಬ್ಬಿತು. ಚಿಕ್ಕ ತುಂಡಿನ ಸೂಚನೆಗೆ ಹೆಚ್ಚು ಮಾನ್ಯತೆ ಕೊಡುವುದು ಜಾಲದ ನಿಯಮವಾದುದರಿಂದ ಜಗತ್ತಿನ ಬಹುಭಾಗದಲ್ಲಿ ಯೂಟ್ಯೂಬ್ ಸುಮಾರು ಎರಡು ಗಂಟೆಗಳ ಕಾಲ ದೊರೆಯದೆ ಹೋಯಿತು. ಕೂಟಶಾಸನವನ್ನು ಮುಂದೊಡ್ಡಿ ಹೊಲವನ್ನು ಕೇಳಿದವರ ಕಥೆ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅಲ್ಲಿಯಂತೆ ಇಲ್ಲಿಯೂ ನಿರ್ಣಯಕ್ಕೆ ಆಧಾರ ನಂಬಿಕೆಗೆ ಅರ್ಹವಾದ ನೋಂದಣಿಯೇ.

ತಾಲೂಕಿನ ಮಟ್ಟದಲ್ಲಿ ಪ್ರಶ್ನೆ ಇನ್ನೂ ಹತ್ತಿರದ್ದು. ಪಹಣಿ, ಪಿಂಚಣಿ, ಪ್ರಮಾಣಪತ್ರಗಳ ಕೆಲಸವೆಲ್ಲ ಗಣಕಯಂತ್ರದ ಮೂಲಕ ನಡೆಯುವ ಈ ಕಾಲದಲ್ಲಿ, ಒಂದು ನಮೂದು ಯಾವ ಯಂತ್ರದಿಂದ ಆಯಿತೆಂಬುದನ್ನು ತೋರಿಸುವ ಗುರುತುಗಳಲ್ಲಿ ಐಪಿ ವಿಳಾಸವೂ ಒಂದು. ಆ ದಿನ ಆ ವಿಳಾಸ ಯಾವ ಮೇಜಿನ ಯಂತ್ರಕ್ಕಿತ್ತೆಂಬುದು ತಿಳಿಯದಿದ್ದರೆ ಆ ಗುರುತು ನಿರರ್ಥಕ. ನಿರಪರಾಧಿಯಾದ ಗುಮಾಸ್ತನ ಮೇಲೆ ಅಪವಾದ ಬರಬಹುದು. ಅನ್ಯಾಯಕ್ಕೊಳಗಾದ ರೈತನಿಗೆ ಸಾಕ್ಷ್ಯ ಸಿಗದೆ ಹೋಗಬಹುದು. 2022ರ ಏಪ್ರಿಲ್ 28ರಂದು ಗಣಕಸುರಕ್ಷೆಯ ರಾಷ್ಟ್ರೀಯ ಸಂಸ್ಥೆಯು ಹೊರಡಿಸಿದ ನಿರ್ದೇಶನಗಳು ವ್ಯವಸ್ಥೆಗಳ ದಿನಚರಿಯನ್ನು 180 ದಿನಗಳ ಕಾಲ ಇಡಬೇಕೆಂದು ವಿಧಿಸಿವೆ. ಅಪರಾಧದ ಶೋಧಕ್ಕೆ ಇದು ಸಾಕಾಗಬಹುದು. ಆದರೆ ಜಮೀನಿನ ವ್ಯಾಜ್ಯಗಳು ತಲೆಮಾರುಗಳ ಕಾಲ ನಡೆಯುವ ಈ ನಾಡಿನಲ್ಲಿ 180 ದಿನಗಳು ಒಂದು ಬೆಳೆಯ ಅವಧಿಗಿಂತ ಬಹಳ ಹೆಚ್ಚೇನೂ ಅಲ್ಲ.

ಇದಕ್ಕೆ ವಿರುದ್ಧವಾಗಿ ಬರಬಹುದಾದ ಒಂದು ಆಕ್ಷೇಪವನ್ನು ಉಪೇಕ್ಷಿಸುವಂತಿಲ್ಲ. ವಿಳಾಸದ ಚರಿತ್ರೆಯನ್ನು ಕಾಯ್ದಿಡುವುದೆಂದರೆ ಜನರ ಚಲನವಲನವನ್ನು ಕಾಯ್ದಿಟ್ಟಂತಾಗುವುದಿಲ್ಲವೆ ಎಂಬುದೇ ಆ ಆಕ್ಷೇಪ. ಮನೆಯವರು ಜಾಲದಲ್ಲಿ ಏನನ್ನು ನೋಡಿದರೆಂಬ ವಿವರವನ್ನು ಶಾಶ್ವತವಾಗಿ ಇಡಬೇಕೆಂದು ನಾವು ಹೇಳುವುದಿಲ್ಲ. ಅದು ಸರ್ವಥಾ ಅನಪೇಕ್ಷಿತ. ನಾವು ಹೇಳುವುದು ಸಾರ್ವಜನಿಕ ಕಚೇರಿಯ ಯಂತ್ರಕ್ಕೆ ಕೊಟ್ಟ ಸಂಖ್ಯೆಯ ವಹಿಯನ್ನು ಕುರಿತು ಮಾತ್ರ. ಸೇನಬೋವನ ಕಡತದಲ್ಲಿ ಹೊಲದ ಎಲ್ಲೆ ಇರುತ್ತಿತ್ತು. ಹೊಲದಲ್ಲಿ ನಿಂತು ಒಕ್ಕಲಿಗನು ಆಡಿದ ಮಾತು ಇರುತ್ತಿರಲಿಲ್ಲ.

ಆದುದರಿಂದ ಮೂರು ಸೂಚನೆಗಳನ್ನು ಮುಂದಿಡಬಹುದು. ಸರಕಾರಿ ಕಚೇರಿ ಮತ್ತು ಕಾಲೇಜುಗಳಲ್ಲಿ ವಿಳಾಸಗಳ ಉತಾರದ ಜೊತೆಗೆ ಬದಲಾವಣೆಯ ವಹಿಯೂ ಇರಬೇಕು. ಪ್ರತಿಯೊಂದು ನಮೂದಿನಲ್ಲಿ ದಿನಾಂಕ, ಕೊಟ್ಟವರು, ಪಡೆದ ಯಂತ್ರ, ಕಾರಣ ಎಂಬ ನಾಲ್ಕು ಅಂಶಗಳು ತಪ್ಪದೆ ಇರಬೇಕು. ಎರಡನೆಯದಾಗಿ, ತಾಲೂಕು ಒಡೆದಾಗ, ಕಚೇರಿ ಸ್ಥಳಾಂತರವಾದಾಗ, ಯಂತ್ರಗಳನ್ನು ಬದಲಿಸಿದಾಗ ಹಳೆಯ ಪಟ್ಟಿಯನ್ನು ಅಳಿಸದೆ ಮುದ್ರಿಸಿ ದಫ್ತರಕ್ಕೆ ಸೇರಿಸಬೇಕು. 1993ರ ಕೇಂದ್ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ಗಣಕಯಂತ್ರದಿಂದ ಉತ್ಪನ್ನವಾದ ಸಾಮಗ್ರಿಯನ್ನೂ ದಾಖಲೆಯೆಂದೇ ಪರಿಗಣಿಸಿರುವುದರಿಂದ ಈ ಭಾವನೆ ನೂತನವೇನಲ್ಲ. ಏಪ್ನಿಕ್ ಸಂಸ್ಥೆಯೂ ಸಾರ್ವಜನಿಕ ವಿಳಾಸದ ಹಿಂದಿನ ನೋಂದಣಿಗಳನ್ನು ತೋರಿಸುವ ಹೂವಾಸ್ ಎಂಬ ಸೇವೆಯನ್ನು ನಡೆಸುತ್ತಿದೆ. ಜಗತ್ತಿನ ಮಟ್ಟದಲ್ಲಿ ಸಾಧ್ಯವಾದುದು ತಾಲೂಕಿನ ಮಟ್ಟದಲ್ಲಿ ಅಸಾಧ್ಯವಾಗಬಾರದು. ಮೂರನೆಯದಾಗಿ, ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಶಾಸನ, ಕಡತ, ಉತಾರಗಳ ಜೊತೆಗೆ ಇಂಥ ದಾಖಲೆಗಳನ್ನು ಓದುವ ಪರಿಚಯವನ್ನೂ ಮಾಡಿಕೊಡಬೇಕು.

ಅಬ್ಬಲೂರಿನ ಶಾಸನವನ್ನು ಫ್ಲೀಟರು ಎಪಿಗ್ರಾಫಿಯ ಇಂಡಿಕದ ಐದನೆಯ ಸಂಪುಟದಲ್ಲಿ ಸಂಪಾದಿಸಿದಾಗ ಅದನ್ನು ಕೆತ್ತಿಸಿದವರು ತೀರಿ ಸುಮಾರು ಏಳು ಶತಮಾನಗಳಾಗಿದ್ದವು. ಆದರೂ ಯಾವ ಊರು, ಯಾವ ಕಂಪಣದಲ್ಲಿ, ಯಾರಿಂದ, ಯಾವ ದೇವರಿಗೆ ಎಂಬುದನ್ನು ಓದಲು ಸಾಧ್ಯವಾಯಿತು. ಪಾನುಂಗಲ್ಲು ಎಂಬುದರ ಪಕ್ಕದ 500 ಎಂಬ ಅಂಕಿಯ ಅರ್ಥವನ್ನು ಮಾತ್ರ ಆ ಕಲ್ಲು ಹೇಳಲಿಲ್ಲ. ಆ ಎಣಿಕೆಯ ವಹಿಯನ್ನು ಕಲ್ಲಿನ ಮೇಲೆ ಬರೆದವರಿರಲಿಲ್ಲ. ನಮ್ಮ ಕಾಲದ ಸಂಖ್ಯೆಗಳು ಮುಂದಿನವರಿಗೆ ಎರಡರಲ್ಲಿ ಯಾವ ರೀತಿಯಾಗಿ ತಲಪಬೇಕೆಂಬುದು ಇಂದು ಕೀಲಿಮಣೆಯ ಮುಂದೆ ಕುಳಿತವನ ಮೇಲೂ, ಅವನಿಗೆ ವಹಿಯನ್ನು ಇಡಲು ಹೇಳಬೇಕಾದ ನಮ್ಮ ಮೇಲೂ ನಿಂತಿದೆ.